ಕಾರವಾರದಿಂದ ವಸಾಯಿಗೆ: ಮುಂಬೈ ಪ್ರಯಾಣದಲ್ಲಿ ಒಂದು ದಿನವನ್ನು ಉಳಿಸಿಕೊಳ್ಳುವ ಬಗೆ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಮನೆಗಳಿಗೆ ಮುಂಬೈ ಪರಕೀಯವಾದ ಊರಲ್ಲ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತಕ್ಕೆ ಸೇರಿತ್ತು. ಕೆಲಸ ಹುಡುಕಿಕೊಂಡು ಹೋದ ಅಣ್ಣತಮ್ಮಂದಿರೋ ಮದುವೆಯಾಗಿ ಹೋದ ಅಕ್ಕತಂಗಿಯರೋ ಅಲ್ಲಿ ಇಲ್ಲದ ಮನೆತನ ನಮ್ಮ ಕರಾವಳಿಯಲ್ಲಿ ಇಂದಿಗೂ ಕಡಿಮೆಯೇ. ಮದುವೆಗೋ ಆಸ್ಪತ್ರೆಯ ಕೆಲಸಕ್ಕೋ ಹೋದವರು ಒಂದು ದಿನ ಬಿಡುವು ಸಿಕ್ಕರೆ ಗೇಟ್‌ವೇ, ಸಿದ್ಧಿವಿನಾಯಕ, ಜುಹು ದಂಡೆ ಎಂದು ಹಿಂದೆ ನೋಡಿದ್ದನ್ನೇ ಮತ್ತೆ ನೋಡಿ ಮರಳುತ್ತಾರೆ. ಆ ಒಂದು ದಿನವನ್ನು ಮುಂಬೈಯ ಉತ್ತರಕ್ಕೆ, ಖಾಡಿಯ (ಕಡಲ ಹಿನ್ನೀರಿನ) ಆಚೆಗಿರುವ ವಸಾಯಿಗೆ ಕೊಡುವುದು ಒಳ್ಳೆಯದು. ಹಾಗೆ ಕೊಡುವುದಾದರೆ ಹೇಗೆ ಹೋಗಬೇಕು, ನಡಿಗೆಯನ್ನು ಎಲ್ಲಿಂದ ತೊಡಗಬೇಕು, ಯಾವುದನ್ನು ಬಿಟ್ಟರೆ ನಷ್ಟವಿಲ್ಲ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ವಸಾಯಿ ಎಂಬ ಹೆಸರು ಕೇಳಿದೊಡನೆ ಎರಡು ಊರುಗಳು ಬೆರೆತುಹೋಗುವ ಸಂಭವವಿದೆ. ಒಂದು, 2009ರ ಜುಲೈಯಲ್ಲಿ ವಿರಾರ್, ನಾಲಾಸೋಪಾರ ಮುಂತಾದ ಪುರಸಭೆಗಳನ್ನೂ ಹಲವು ಹಳ್ಳಿಗಳನ್ನೂ ಕೂಡಿಸಿ ಮಾಡಿದ ವಸಾಯಿ-ವಿರಾರ್ ಮಹಾನಗರಪಾಲಿಕೆ. 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 12 ಲಕ್ಷವನ್ನು ಮೀರಿತ್ತು. 2014ರಲ್ಲಿ ಠಾಣೆ ಜಿಲ್ಲೆ ಒಡೆದಾಗ ಇದು ಹೊಸ ಪಾಲಘರ್ ಜಿಲ್ಲೆಗೆ ಸೇರಿತು. ಇನ್ನೊಂದು, ರೈಲು ಹಳಿಯ ಪಶ್ಚಿಮಕ್ಕೆ ಬಾವಿ, ಬಾಳೆತೋಟ, ಇಗರ್ಜಿ, ದೇವಸ್ಥಾನಗಳ ನಡುವೆ ಹರಡಿಕೊಂಡಿರುವ ಹಳೆಯ ವಸಾಯಿ. ಪಾಪಡಿ, ವಸಾಯಿ ಗಾಂವ್, ಕೋಟೆ, ಕಿಲ್ಲಾ ಬಂದರ ಇಷ್ಟೇ ಅದರ ಮುಖ್ಯ ಭಾಗಗಳು. ನೋಡಬೇಕಾದದ್ದು ಈ ಎರಡನೆಯದನ್ನು, ಮತ್ತು ಅದಕ್ಕೆ ಒಂದು ಹಗಲು ಸಾಕು.

ಇಂದು ಉಪನಗರ ಎನಿಸಿಕೊಂಡಿರುವ ಈ ಊರು ಒಂದು ಕಾಲಕ್ಕೆ ಮುಂಬೈಯ ಯಜಮಾನನಾಗಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ನೋಟವೇ ಬದಲಾಗುತ್ತದೆ. 1534ರ ಡಿಸೆಂಬರ್ 23ರಂದು ಗುಜರಾತಿನ ಸುಲ್ತಾನ ಬಹಾದುರ್ ಷಾಹನು ವಸಾಯಿಯನ್ನೂ ಅದಕ್ಕೆ ಸೇರಿದ ದ್ವೀಪಗಳನ್ನೂ ಪೋರ್ತುಗೀಜ್ ಗವರ್ನರ್ ನುನೊ ದ ಕುನ್ಹಾನಿಗೆ ಬಿಟ್ಟುಕೊಟ್ಟನು. ಹಾಗೆ ಬಿಟ್ಟುಕೊಟ್ಟ ದ್ವೀಪಗಳಲ್ಲಿ ಮುಂಬೈಯೂ ಒಂದು. ಪೋರ್ತುಗೀಜರು ತಮ್ಮ ಉತ್ತರ ಪ್ರಾಂತ್ಯವನ್ನು ಆಳಿದ್ದು ವಸಾಯಿಯಲ್ಲಿ ಕುಳಿತು, ಮತ್ತು ಅವರ ಲೆಕ್ಕದಲ್ಲಿ ಮುಂಬೈ ಈ ಊರಿನ ಕೈಕೆಳಗಿನ ಸಣ್ಣ ಜಾಗ. 1661ರಲ್ಲಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್‌ಗೆ ತಮ್ಮ ರಾಜಕುಮಾರಿಯನ್ನು ಕೊಟ್ಟು ಮದುವೆ ಮಾಡುವ ಒಪ್ಪಂದವಾದಾಗ ಮುಂಬೈಯನ್ನು ಬಳುವಳಿಯಲ್ಲಿ ಸೇರಿಸಿದ ಪೋರ್ತುಗೀಜರು ವಸಾಯಿಯನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಂಡರು. ಯಾವುದನ್ನು ಕೊಟ್ಟರು, ಯಾವುದನ್ನು ಇಟ್ಟುಕೊಂಡರು ಎಂಬುದರಲ್ಲಿಯೇ ಆ ಕಾಲದ ಬೆಲೆ ತಿಳಿಯುತ್ತದೆ.

ಹೋಗುವ ದಾರಿ

ಕಾರವಾರದವರಿಗೆ ಸುಲಭವಾದದ್ದು ಕೊಂಕಣ ರೈಲ್ವೆಯ ದಾರಿ. ಸಂಜೆಯ ಮತ್ಸ್ಯಗಂಧಾ ಹತ್ತಿದರೆ ಬೆಳಗಿನ ಹೊತ್ತಿಗೆ ಪನ್ವೇಲ್, ಠಾಣೆ ತಲುಪಬಹುದು. ನಿಲ್ದಾಣವು ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ ಎಂಬುದು ಸ್ಥಳೀಯರಿಗೆ ಗೊತ್ತಿರುವ ವಿಷಯವೇ. ಆದರೂ ಶಿರಸಿ, ಯಲ್ಲಾಪುರ ಕಡೆಯಿಂದ ಬಸ್ಸಿನಲ್ಲಿ ಬಂದು ಕಾರವಾರ ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ಗಡಿಬಿಡಿಯಲ್ಲಿ ರಿಕ್ಷಾ ಹುಡುಕುವವರನ್ನು ನೋಡಿರುವುದರಿಂದ ಇದನ್ನು ಹೇಳಬೇಕಾಯಿತು. ಮುಂಗಡ ಕಾಯ್ದಿರಿಸುವಿಕೆ ಈಗ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ. ಗಣೇಶ ಚೌತಿಯ ಹಿಂದುಮುಂದು ಮತ್ತು ಮೇ ತಿಂಗಳ ರಜೆಯಲ್ಲಿ ತೆರೆದ ದಿನವೇ ಟಿಕೆಟ್ ಮಾಡಿಸದಿದ್ದರೆ ಕಾಯುವ ಪಟ್ಟಿಯಲ್ಲಿ ಉಳಿಯಬೇಕಾಗುತ್ತದೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆ ಗಾಡಿಗಳ ವೇಗವನ್ನು ತಗ್ಗಿಸಿ ಬೇರೆಯೇ ವೇಳಾಪಟ್ಟಿಯನ್ನು ನಡೆಸುತ್ತದೆ. ಆದ್ದರಿಂದ ಜೂನ್ ನಂತರ ಹೊರಡುವವರು ಹಳೆಯ ಹೊತ್ತನ್ನು ನಂಬಿ ಮನೆಯಿಂದ ಹೊರಡಬಾರದು.

ಹೆಚ್ಚಿನವರು ಗಮನಿಸದ ಇನ್ನೊಂದು ಅನುಕೂಲವಿದೆ. ಕೇರಳದಿಂದ ಗುಜರಾತ್, ರಾಜಸ್ಥಾನಗಳ ಕಡೆಗೆ ಹೋಗುವ ಕೆಲವು ಗಾಡಿಗಳು ಮುಂಬೈ ನಗರದೊಳಕ್ಕೆ ಹೋಗುವುದೇ ಇಲ್ಲ. ಪನ್ವೇಲಿನಿಂದ ಭಿವಂಡಿಯ ಮೇಲೆ ಹಾದು ನೇರವಾಗಿ ವಸಾಯಿ ರೋಡ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಉತ್ತರಕ್ಕೆ ಸಾಗುತ್ತವೆ. ಇವು ದಿನವಹಿ ಗಾಡಿಗಳಲ್ಲ, ಎಲ್ಲವೂ ನಮ್ಮ ಜಿಲ್ಲೆಯಲ್ಲಿ ನಿಲ್ಲುವುದೂ ಇಲ್ಲ. ಹಾಗಿದ್ದರೂ ನಿಮ್ಮ ಪ್ರಯಾಣದ ದಿನಕ್ಕೆ ಹೊಂದುವಂಥದು ಕಾರವಾರದಲ್ಲೋ ಮಡಗಾಂವದಲ್ಲೋ ಸಿಕ್ಕರೆ ಲೋಕಲ್ ಗಾಡಿಯ ನೂಕುನುಗ್ಗಲಿನ ಗೊಡವೆಯೇ ಇಲ್ಲದೆ ವಸಾಯಿಯಲ್ಲಿ ಇಳಿಯಬಹುದು. ಅದು ಸಿಗದಿದ್ದರೆ ಪನ್ವೇಲ್ ಅಥವಾ ದಿವಾದಿಂದ ವಸಾಯಿ ರೋಡಿಗೆ ಓಡುವ ಮೆಮು ಎಂಬ ಕಡಿಮೆ ದೂರದ ವಿದ್ಯುತ್ ಗಾಡಿಗಳಿವೆ. ಅವುಗಳ ಸಂಖ್ಯೆ ಕಡಿಮೆ, ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು.

ಮುಂಬೈಯಲ್ಲಿ ನೆಂಟರ ಮನೆಯಲ್ಲಿ ಉಳಿದುಕೊಂಡವರಿಗೆ ಪಶ್ಚಿಮ ರೈಲ್ವೆಯ ವಿರಾರ್ ಲೋಕಲೇ ದಾರಿ. ಚರ್ಚ್‌ಗೇಟಿನಿಂದ ವಸಾಯಿ ರೋಡ್ ಸುಮಾರು 52 ಕಿಲೋಮೀಟರ್. ಈ ಹಳಿಯ ಮೇಲೆ ವಿರಾರ್ ಕಡೆಯಿಂದ ಮುಂಬೈಗೆ ಲೋಕಲ್ ಓಡತೊಡಗಿದ್ದು 1867ರಲ್ಲಿ. ವಿರಾರ್ ಲೋಕಲ್ ಎಂದರೆ ಮುಂಬೈ ನೆಂಟರು ಹೆದರಿಸುವುದು ಸಹಜ. ಆದರೆ ಅವರು ಹೇಳುವ ನೂಕುನುಗ್ಗಲು ಬೆಳಿಗ್ಗೆ ಮುಂಬೈಯೊಳಕ್ಕೆ, ಸಂಜೆ ಮುಂಬೈಯಿಂದ ಹೊರಕ್ಕೆ. ನೀವು ಹೋಗುವುದು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ. ಬೆಳಿಗ್ಗೆ 7 ಗಂಟೆಯ ಸುಮಾರಿಗೆ ದಾದರಿನಲ್ಲೋ ಅಂಧೇರಿಯಲ್ಲೋ ಉತ್ತರಕ್ಕೆ ಹೋಗುವ ವಿರಾರ್ ಗಾಡಿ ಹತ್ತಿದರೆ ಕಿಟಕಿಯ ಬಳಿ ಕುಳಿತು ಹೋಗುವ ಅವಕಾಶವೂ ಉಂಟು, ಮತ್ತು ಸಂಜೆ ವಸಾಯಿಯಿಂದ ಮರಳುವಾಗಲೂ ಜನರೆಲ್ಲ ಎದುರಿನ ಗಾಡಿಯಲ್ಲಿರುತ್ತಾರೆ. ಭಾನುವಾರ ಮಾತ್ರ ಹೊರಡುವ ಮುನ್ನ ವಿಚಾರಿಸಬೇಕು, ಏಕೆಂದರೆ ಹಳಿ ದುರಸ್ತಿಗಾಗಿ ಆ ದಿನ ಬ್ಲಾಕ್ ಹಾಕಿ ಗಾಡಿಗಳನ್ನು ರದ್ದು ಮಾಡುವುದು ಸಾಮಾನ್ಯ. ಬೋರಿವಲಿಯವರೆಗೆ ಮಾತ್ರ ಓಡುವ ಗಾಡಿಗಳು ಬಹಳ ಇರುವುದರಿಂದ ಹಲಗೆಯ ಮೇಲೆ ವಿರಾರ್ ಎಂದು ನೋಡಿಕೊಂಡೇ ಹತ್ತಬೇಕು. ಈ ಬರಹಗಾರನು ಮೊದಲ ಸಲ ನೋಡದೆ ಹತ್ತಿ, ಬೋರಿವಲಿಯಲ್ಲಿ ಗಾಡಿ ಖಾಲಿಯಾದ ಮೇಲೂ ಕುಳಿತೇ ಇದ್ದು, ಕಸ ಗುಡಿಸಲು ಬಂದವರಿಂದ ಎಬ್ಬಿಸಿಕೊಂಡವನು.

ಭಾಯಂದರ್ ದಾಟಿದ ಕೂಡಲೇ ಕೈಯಲ್ಲಿರುವ ಮೊಬೈಲನ್ನು ಕೆಳಗಿಟ್ಟು ಹೊರಗೆ ನೋಡುವುದು ಒಳ್ಳೆಯದು. ಅಲ್ಲಿ ಗಾಡಿ ವಸಾಯಿ ಖಾಡಿಯ ಸೇತುವೆಗಳ ಮೇಲೆ ಹಾಯುತ್ತದೆ. ಎರಡು ಸೇತುವೆಗಳ ನಡುವೆ ಪಾಂಜು ಎಂಬ ದ್ವೀಪವಿದೆ. ಇಕ್ಕೆಲದಲ್ಲಿ ಕಾಂಡ್ಲಾ ಗಿಡಗಳು, ಅವುಗಳ ಆಚೆ ಉಪ್ಪಿನ ಆಗರಗಳು. ಸಾಣಿಕಟ್ಟೆಯ ಆಗರಗಳನ್ನು ಬಲ್ಲವರಿಗೆ ಈ ದೃಶ್ಯ ಪರಿಚಿತವೇ. ಈ ಸೀಮೆಯ ಆಗರಿ ಜನಕ್ಕೆ ಆ ಹೆಸರು ಬಂದದ್ದೂ ಈ ಆಗರದಿಂದಲೇ.

ಕೋಟೆಯನ್ನು ಕಡಲ ಕಡೆಯಿಂದ ನೋಡುವುದು

ವಸಾಯಿ ರೋಡ್ ನಿಲ್ದಾಣದ ಪಶ್ಚಿಮ ದ್ವಾರದಿಂದ ಹೊರಬಂದರೆ ಮಹಾನಗರಪಾಲಿಕೆಯ ಬಸ್ಸುಗಳೂ ಶೇರ್ ರಿಕ್ಷಾಗಳೂ ಸಿಗುತ್ತವೆ. ಕೋಟೆ ಅಲ್ಲಿಂದ ಆರೇಳು ಕಿಲೋಮೀಟರ್ ದೂರ. ಶೇರ್ ರಿಕ್ಷಾದಲ್ಲಿ ಹೋಗುವವರು ದರವನ್ನು ಕೇಳಿಕೊಂಡೇ ಕುಳಿತುಕೊಳ್ಳಬೇಕು. ಭಾಷೆಗೆ ಅಂಜುವ ಕಾರಣವಿಲ್ಲ. ಕಾರವಾರದ ಕೊಂಕಣಿಯನ್ನು ನಿಧಾನವಾಗಿ ಆಡಿದರೆ ಮರಾಠಿ ಬಲ್ಲವರು ಅರ್ಥ ಮಾಡಿಕೊಳ್ಳುತ್ತಾರೆ, ಅವರ ಮರಾಠಿಯೂ ನಮ್ಮವರಿಗೆ ತಿಳಿಯುತ್ತದೆ. ಕನ್ನಡ ಮಾತ್ರ ಬಲ್ಲ ಘಟ್ಟದ ಮೇಲಿನವರಿಗೆ ಹಿಂದಿ ಸಾಕಾಗುತ್ತದೆ.

ಕೋಟೆಯ ಹೊರಬಾಗಿಲಲ್ಲಿ ಇಳಿಯದೆ ಕಿಲ್ಲಾ ಬಂದರದವರೆಗೂ ರಿಕ್ಷಾ ಒಯ್ಯುವುದು ಮೇಲು. ಹೆಚ್ಚಿನ ಪ್ರವಾಸಿಗರು ನೆಲದ ಕಡೆಯಿಂದ ಒಳಬಂದು, ಅರ್ಧ ನೋಡುವಷ್ಟರಲ್ಲಿ ಬಿಸಿಲಿಗೆ ಸೋತು ಮರಳುತ್ತಾರೆ. ಈ ಊರನ್ನು ಕಟ್ಟಿದವರು ಬಂದದ್ದು ಕಡಲಿನಿಂದ, ಅವರು ಸೋತದ್ದು ನೆಲದ ಕಡೆಯ ಗೋಡೆಯಲ್ಲಿ. ಕಡಲ ಬಾಗಿಲಿನಿಂದ ತೊಡಗಿ ನೆಲದ ಬಾಗಿಲಿಗೆ ನಡೆದರೆ ಕಟ್ಟಿದ್ದೂ ಕೆಡೆದದ್ದೂ ನಡೆದ ಕ್ರಮದಲ್ಲಿಯೇ ಕಣ್ಣಿಗೆ ಬೀಳುತ್ತವೆ.

ಕಿಲ್ಲಾ ಬಂದರ ಮತ್ತು ಅದರ ಪಕ್ಕದ ಪಾಚೂ ಬಂದರ ಕೋಳಿ ಸಮುದಾಯದ ಮೀನುಗಾರರ ಕೇರಿಗಳು. ಇಲ್ಲಿಯ ಕೋಳಿಗಳಲ್ಲಿ ಬಹುಮಂದಿ ಕ್ರೈಸ್ತರು. ದೋಣಿಯ ಕೆಲಸ, ಬಲೆ ಹೆಣೆಯುವುದು, ಮಾರಾಟಕ್ಕೆ ಹೆಂಗಸರು ಮುಂದಾಗುವುದು ಎಲ್ಲವೂ ನಮ್ಮ ಖಾರ್ವಿ, ಹರಿಕಂತ್ರ ಕೇರಿಗಳನ್ನು ನೆನಪಿಸುತ್ತದೆ. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಹೋದರೆ ಬಿದಿರಿನ ಗಳುಗಳ ಮೇಲೆ ಬೊಂಬಿಲ್ ಮೀನುಗಳನ್ನು ಒಂದರ ಬಾಯಿಗೆ ಇನ್ನೊಂದರ ಬಾಯಿಯನ್ನು ಸಿಕ್ಕಿಸಿ ಜೋಡಿಜೋಡಿಯಾಗಿ ತೂಗುಹಾಕಿರುವುದನ್ನು ನೋಡಬಹುದು. ಅಂಕೋಲೆಯ ಒಣಮೀನಿನ ಸಂತೆಗೆ ಹೋಗಿ ಅಭ್ಯಾಸವಿರುವವರು ಇಲ್ಲಿಯೇ ಕೊಂಡರೆ ಒಳ್ಳೆಯ ಮಾಲು ಸಿಗುತ್ತದೆ, ಆದರೆ ದಿನವಿಡೀ ಅದನ್ನು ಹೊತ್ತು ತಿರುಗಬೇಕಾಗುತ್ತದೆ ಮತ್ತು ಮರಳುವಾಗ ರೈಲಿನ ಸಹಪ್ರಯಾಣಿಕರ ಮುಖವನ್ನೂ ನೋಡಬೇಕಾಗುತ್ತದೆ. ಕೇರಿಯೊಳಗೆ ಕ್ಯಾಮೆರಾ ಎತ್ತುವ ಮುನ್ನ ಕೇಳುವುದು ಮರ್ಯಾದೆ. ಬೈತಖೋಲ ಬಂದರದಲ್ಲಿ ಹೊರಗಿನವರು ಬಂದು ನಮ್ಮ ಮನೆಯ ಹೆಂಗಸರ ಫೋಟೋ ತೆಗೆದರೆ ನಮಗೆ ಹೇಗೆನಿಸುತ್ತದೆಯೋ ಅವರಿಗೂ ಹಾಗೆಯೇ.

ಕಡಲ ಬಾಗಿಲಿನಿಂದ ಒಳಗೆ ಬಂದರೆ ಹತ್ತಿರದಲ್ಲಿಯೇ ಸೇಂಟ್ ಜೋಸೆಫ್ ಇಗರ್ಜಿಯ ಗೋಪುರ ಕಾಣುತ್ತದೆ. ಈ ಊರಿನ ಪ್ರಧಾನ ಇಗರ್ಜಿ ಇದೇ ಆಗಿತ್ತು. ಇದರ ಮುಂಭಾಗದ ಕಲ್ಲಿನಲ್ಲಿ 1601 ಎಂಬ ವರ್ಷವನ್ನು ಕೆತ್ತಲಾಗಿದೆ. ಚಾವಣಿ ಇಲ್ಲ, ಗೋಡೆಗಳ ಸಂದಿಯಲ್ಲಿ ಆಲದ ಬೇರುಗಳು ಇಳಿದಿವೆ. ಮುಂದೆ ಸೇಂಟ್ ಸೆಬಾಸ್ಟಿಯನ್ ಕೋಟೆ ಎಂಬ ಒಳಕೋಟೆ ಸಿಗುತ್ತದೆ. 1536ರಲ್ಲಿ ಕಟ್ಟಿದ ಇದು ಪೋರ್ತುಗೀಜರ ಮೊದಲ ನೆಲೆ. ಆ ಮೇಲೆ ಅದರ ಸುತ್ತ ಊರು ಬೆಳೆದು, ಊರಿನ ಸುತ್ತ 10 ಕೊತ್ತಳಗಳ ಹೊರಗೋಡೆ ಎದ್ದಿತು. ಗೋಡೆಯ ಒಳಗಿನ ಪ್ರದೇಶ ನೂರು ಎಕರೆಗೂ ಮಿಗಿಲು. ಸದಾಶಿವಗಡವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ಇದನ್ನು ಕೋಟೆ ಎಂದು ನೋಡಿದರೆ ನಿರಾಶರಾಗಬಹುದು, ಏಕೆಂದರೆ ಗುಡ್ಡವಿಲ್ಲ, ಎತ್ತರವಿಲ್ಲ. ಗೋಡೆ ಕಟ್ಟಿದ ಒಂದು ಪೇಟೆ ಇದು ಎಂದು ನೋಡಬೇಕು. ಬೀದಿ, ಆಸ್ಪತ್ರೆ, ಸನ್ಯಾಸಿಗಳ ಮಠ, ಶ್ರೀಮಂತರ ಮನೆ ಎಲ್ಲವೂ ಇದ್ದ ಪೇಟೆಯ ಮೇಲೆ ಈಗ ಕುರುಚಲು ಗಿಡ ಬೆಳೆದಿದೆ.

ಕಲ್ಲನ್ನು ಮುಟ್ಟಿ ನೋಡಿ. ಅದು ನಮ್ಮ ಚೀರೆಕಲ್ಲಲ್ಲ, ಕಪ್ಪು ಬೂದು ಬಣ್ಣದ ಬಸಾಲ್ಟ್. ಡಿಸೆಂಬರ್ 3ರ ಫೆಸ್ತಿಗೆ ಹಳೆಗೋವೆಗೆ ಹೋಗುವ ಕಾರವಾರದವರು ಬೊಮ್ ಜೀಸಸ್ ಇಗರ್ಜಿಯ ಎದುರು ನಿಂತು ಕೆಂಪು ಕಲ್ಲಿನ ಗೋಡೆಯ ನಡುವೆ ಕಪ್ಪು ಕಲ್ಲಿನ ಕಂಬ, ಕೆತ್ತನೆಗಳನ್ನು ನೋಡಿರುತ್ತೀರಿ. ಆ ಕಪ್ಪು ಕಲ್ಲು ಹಡಗಿನಲ್ಲಿ ಗೋವೆಗೆ ಹೋದದ್ದು ವಸಾಯಿಯಿಂದ. ಚೀರೆಕಲ್ಲಿನಲ್ಲಿ ನಯವಾದ ಕೆತ್ತನೆ ನಿಲ್ಲುವುದಿಲ್ಲ, ಮಳೆಗೆ ಅಂಚು ಕರಗುತ್ತದೆ. ಅದಕ್ಕಾಗಿಯೇ ಅಷ್ಟು ದೂರದಿಂದ ಕಲ್ಲು ತರಿಸಿದರು. ನಾಲ್ಕುನೂರು ಮಳೆಗಾಲ ಕಂಡ ಮೇಲೂ ವಸಾಯಿಯ ಬಾಗಿಲ ಕಮಾನುಗಳಲ್ಲಿ ಹೂಬಳ್ಳಿಯ ಅಂಚು ಚೂಪಾಗಿ ಉಳಿದಿರುವುದನ್ನು ನೋಡಿದರೆ ಆ ಖರ್ಚಿನ ಲೆಕ್ಕ ಅರ್ಥವಾಗುತ್ತದೆ.

ಫ್ರಾನ್ಸಿಸ್ಕನ್ನರ ಸಂತ ಅಂತೋನಿ ಇಗರ್ಜಿಯಲ್ಲಿ ನೆಲವನ್ನು ನೋಡಿಕೊಂಡು ನಡೆಯಬೇಕು, ಅಲ್ಲಿ ಹಾಸಿರುವುದು ಸಮಾಧಿಯ ಕಲ್ಲುಗಳು. ಪೋರ್ತುಗೀಜ್ ಬಾರದಿದ್ದರೂ ಹೆಸರು, ಇಸವಿಗಳನ್ನು ಓದಿಕೊಳ್ಳಬಹುದು. ಜೆಸ್ವಿತರ ಇಗರ್ಜಿಯನ್ನು ದುರಸ್ತಿ ಮಾಡಲಾಗಿದ್ದು, ಅಲ್ಲಿ ಸಂತ ಗೊನ್ಸಾಲೊ ಗಾರ್ಸಿಯಾನ ಹಬ್ಬದ ಪೂಜೆ ಇಂದಿಗೂ ನಡೆಯುತ್ತದೆ. ವಸಾಯಿಯಲ್ಲಿ ಹುಟ್ಟಿದ ಈತ ಜಪಾನಿಗೆ ಹೋಗಿ, 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ ಶಿಲುಬೆಗೇರಿ ಸತ್ತನು. 1862ರಲ್ಲಿ ಸಂತ ಪದವಿ ದೊರೆತಾಗ, ಭಾರತದಲ್ಲಿ ಹುಟ್ಟಿ ಆ ಪದವಿ ಪಡೆದವರಲ್ಲಿ ಈತನೇ ಮೊದಲಿಗನಾದನು. ಇದೇ ಕೋಟೆಯೊಳಗೆ ನಾಗೇಶ್ವರ ದೇವಸ್ಥಾನವೂ ಇದೆ, ಈ ಕೋಟೆಯನ್ನು ಗೆದ್ದ ಮರಾಠಾ ಸೇನಾನಿ ಚಿಮಾಜಿ ಅಪ್ಪಾನ ಸ್ಮಾರಕವೂ ಇದೆ. ಎಲ್ಲ ಕಡೆಯೂ ಪಾದರಕ್ಷೆ, ಮಾತಿನ ದನಿ, ಉಡುಪು ಇವುಗಳ ವಿಷಯದಲ್ಲಿ ನಮ್ಮೂರ ದೇವಸ್ಥಾನದಲ್ಲಿ ಪಾಲಿಸುವಷ್ಟು ಎಚ್ಚರ ಸಾಕು.

ಕೊನೆಗೆ ನೆಲದ ಕಡೆಯ ಗೋಡೆ. ಪೇಶ್ವೆ ಮೊದಲನೆಯ ಬಾಜೀರಾಯನ ತಮ್ಮ ಚಿಮಾಜಿ ಅಪ್ಪಾ 1739ರಲ್ಲಿ ಮುತ್ತಿಗೆ ಹಾಕಿ, ಕೊತ್ತಳಗಳ ಬುಡಕ್ಕೆ ಸುರಂಗ ತೋಡಿಸಿ ಮದ್ದಿಟ್ಟು ಸಿಡಿಸಿದ್ದು ಇಲ್ಲಿಯೇ. ಎರಡೂ ಕಡೆ ಅಪಾರ ಸಾವಾದ ಮೇಲೆ ಮೇ ತಿಂಗಳಲ್ಲಿ ಪೋರ್ತುಗೀಜರು ಶರಣಾಗಿ, ಒಪ್ಪಂದದಂತೆ ತಮ್ಮ ಆಯುಧ ಮತ್ತು ಚರಾಸ್ತಿಗಳೊಡನೆ ಊರು ಬಿಟ್ಟರು. ಇಗರ್ಜಿಗಳ ಗಂಟೆಗಳನ್ನು ಮರಾಠರು ವಿಜಯದ ಗುರುತಾಗಿ ಒಯ್ದು ದೇವಸ್ಥಾನಗಳಿಗೆ ಕೊಟ್ಟರು. ನಾಸಿಕದ ನಾರೋಶಂಕರ ದೇವಸ್ಥಾನದಲ್ಲಿಯೂ ಭೀಮಾಶಂಕರದಲ್ಲಿಯೂ ಅಂಥ ಗಂಟೆಗಳು ಈಗಲೂ ತೂಗುತ್ತಿವೆ. 1802ರ ಕೊನೆಯ ದಿನ ಎರಡನೆಯ ಬಾಜೀರಾಯನು ಇಂಗ್ಲಿಷರೊಡನೆ ಮಾಡಿಕೊಂಡ ವಸಾಯಿ ಒಪ್ಪಂದ ಶಾಲೆಯ ಪಾಠದಲ್ಲಿ ಬಾಯಿಪಾಠ ಮಾಡಿದ್ದು ನೆನಪಿರಬಹುದು, ಅದೂ ಇದೇ ಊರಿನ ಹೆಸರಿನದು.

ಈ ನಡಿಗೆಗೆ ಮೂರು ಗಂಟೆ ಬೇಕು. ಕುಡಿಯುವ ನೀರು, ಟೋಪಿ ಅಥವಾ ಕೊಡೆ, ಗಟ್ಟಿ ಅಡಿಯ ಚಪ್ಪಲಿ ಜೊತೆಗಿರಲಿ. ಹುಲ್ಲಿನಲ್ಲಿ ಹಾವಿನ ಭಯ ಇರುವುದರಿಂದ ಸವೆದ ಕಾಲುದಾರಿಯನ್ನು ಬಿಡಬಾರದು. ಒಡೆದ ಗೋಡೆ, ಮೆಟ್ಟಿಲುಗಳನ್ನು ಏರುವುದು ಬೇಡ, ಕತ್ತಲಾದ ಮೇಲೆ ಒಳಗಿರುವುದೂ ಬೇಡ. ಬಂದರಕ್ಕೆ ಹೋಗುವ ಡಾಂಬರು ರಸ್ತೆ ಕೋಟೆಯ ಮಧ್ಯದಲ್ಲೇ ಹಾದುಹೋಗುತ್ತದೆ, ದಾರಿ ತಪ್ಪಿದೆನೆನಿಸಿದರೆ ವಾಹನದ ಸದ್ದನ್ನು ಹಿಡಿದು ಅಲ್ಲಿಗೆ ಬರಬಹುದು. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಚಳಿಗಾಲದ ರಜಾ ದಿನಗಳಲ್ಲಿ ಪ್ರತಿ ಕಮಾನಿನ ಕೆಳಗೂ ನಿಂತಿರುವುದರಿಂದ ವಾರದ ದಿನವೇ ಮೇಲು. ತಿಂಗಳುಗಳ ಪೈಕಿ ನವೆಂಬರಿನಿಂದ ಫೆಬ್ರವರಿ ಹಿತವಾಗಿರುತ್ತದೆ. ಹಸಿರನ್ನು ನೋಡಬೇಕೆನ್ನುವವರು ಸೆಪ್ಟೆಂಬರ್ ಕೊನೆಗೆ ಹೋಗಬಹುದು.

ಊರೊಳಗೆ

ಮಧ್ಯಾಹ್ನ ವಸಾಯಿ ಗಾಂವ್ ಮತ್ತು ಪಾಪಡಿಯ ಓಣಿಗಳಿಗೆ ಬರಬೇಕು. ಕೋಟೆಯನ್ನಷ್ಟೇ ನೋಡಿ ಮರಳುವವರು ವಸಾಯಿಯ ಅರ್ಧವನ್ನು ಬಿಟ್ಟುಬಂದಂತೆ. ಇಲ್ಲಿ ಸಾಮವೇದಿ ಬ್ರಾಹ್ಮಣರಿದ್ದಾರೆ, ಅದೇ ಮೂಲದಿಂದ ಕ್ರೈಸ್ತರಾದ ಕುಪಾರಿ ಜನರಿದ್ದಾರೆ, ಮತ್ತು ಎರಡೂ ಕಡೆಯವರು ಮನೆಯಲ್ಲಿ ಆಡುವುದು ಕಾಡೋಡಿ ಎಂದೂ ಕರೆಯುವ ಒಂದೇ ಸಾಮವೇದಿ ಮಾತು. ತೋಟಗಾರರಾದ ವಾಡವಳರು, ಉಪ್ಪಿನ ಆಗರಿಗಳು, ಭಂಡಾರಿಗಳು, ಕೋಳಿಗಳು, ಕೊಂಕಣಿ ಮುಸಲ್ಮಾನರು, ಪೂರ್ವದ ಗುಡ್ಡಗಳ ವಾರ್ಲಿಗಳು ಹಳಬರು. ಗುಜರಾತಿಗಳು, ಜೈನರು, ಉತ್ತರ ಭಾರತದವರು, ಮಲಯಾಳಿಗಳು, ಹೋಟೆಲಿನ ಗಲ್ಲೆಯ ಹಿಂದೆ ಕುಳಿತ ನಮ್ಮ ತುಳುವರು ಆಮೇಲೆ ಬಂದವರು. ಕೊಂಕಣಿ, ಕನ್ನಡ, ಮರಾಠಿ, ಉರ್ದು ಒಂದೇ ಸಂತೆಯಲ್ಲಿ ಕೇಳುವ ಕಾರವಾರದವರಿಗೆ ಇದು ವಿಚಿತ್ರವೆನಿಸದು. ಭಂಡಾರಿ ಎಂಬ ಹೆಸರು ಕೇಳಿದಾಗ ತಮ್ಮೂರಿನ ಕೇರಿಯೇ ನೆನಪಾಗಬಹುದು. ಆದರೆ ಯಾರನ್ನೂ ಉಡುಪು ನೋಡಿ ಇಂಥ ಜಾತಿ, ಇಂಥ ಧರ್ಮ ಎಂದು ಊಹಿಸಲು ಹೋಗಬೇಡಿ. ಕೆಂಪು ಬಣ್ಣದ ಕಚ್ಚೆಸೀರೆ ಉಟ್ಟು ತಲೆಯಲ್ಲಿ ಹೂ ಮುಡಿದ ಅಜ್ಜಿ ಇಗರ್ಜಿಯಿಂದ ಹೊರಬರುವ ಊರು ಇದು.

ಪಾಪಡಿಯಲ್ಲಿ ಕೃಪಾಮಾತೆಯ ಪ್ರಧಾನಾಲಯವಿದೆ. 1998ರಲ್ಲಿ ವಸಾಯಿ ಪ್ರತ್ಯೇಕ ಧರ್ಮಪ್ರಾಂತ್ಯವಾದ ಮೇಲೆ ಇದು ಅದರ ಕೇಂದ್ರವಾಯಿತು. ಇಲ್ಲಿಯ ಕ್ರೈಸ್ತರ ಪೂಜೆಯ ಭಾಷೆ ಮರಾಠಿ. ಭಾನುವಾರ ಬೆಳಿಗ್ಗೆ ಹೊರಗೆ ನಿಂತು ಕೇಳಿದರೂ ಗೋವೆಯ ಕೊಂಕಣಿ ಪೂಜೆಗಿಂತ ಬೇರೆಯಾದ ರಾಗ ತಿಳಿಯುತ್ತದೆ. ಪಾದ್ರಿಗಳಾಗಿದ್ದ ಫ್ರಾನ್ಸಿಸ್ ದಿಬ್ರಿಟೊ ಅವರು ಮರಾಠಿಯಲ್ಲಿ ಬರೆದು 2020ರ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು, ಈ ಮಣ್ಣಿನವರು. ಬಿಲ್ಡರುಗಳು ಬಾವಿ, ತೋಟಗಳನ್ನು ನುಂಗತೊಡಗಿದಾಗ ನಡೆದ ಹಸಿರು ವಸಾಯಿ ಚಳವಳಿಯ ಮುಂದಾಳುಗಳಲ್ಲಿ ಒಬ್ಬರೂ ಹೌದು. ಅವರು 2024ರಲ್ಲಿ ತೀರಿಕೊಂಡರು. ಪಾಪಡಿಯ ಓಣಿಗಳಲ್ಲಿ ಉಳಿದಿರುವ ಹಸಿರು ತಾನಾಗಿ ಉಳಿದದ್ದಲ್ಲ ಎಂಬುದಕ್ಕೆ ಈ ಮಾತು. ತೋಟಗಳ ನಡುವೆ ಬಾವಖಲ್ ಎಂಬ ಸಣ್ಣ ಕೆರೆಗಳಿವೆ. ಮಳೆನೀರು ಹಿಡಿದು ಬೇಸಿಗೆಯಲ್ಲಿ ಗಿಡಕ್ಕೆ ಉಣಿಸಲು, ಬಾವಿಯ ನೀರು ಉಪ್ಪಾಗದಂತೆ ಕಾಯಲು ಹಿಂದಿನವರು ತೋಡಿದವು. ಹೊಸ ಕಟ್ಟಡಗಳಿಗಾಗಿ ಮುಚ್ಚಿದವೂ ಹಲವಿವೆ.

ಈ ತೋಟಗಳ ಬಾಳೆ, ವೀಳ್ಯದೆಲೆ, ಹೂ, ತರಕಾರಿ ತಲೆಮಾರುಗಳಿಂದ ಬೆಳಗಿನ ಲೋಕಲಿನಲ್ಲಿ ಹೆಂಗಸರ ಬುಟ್ಟಿಗಳಲ್ಲಿ ಮುಂಬೈಗೆ ಹೋಗುತ್ತ ಬಂದಿದೆ. ಊಟಕ್ಕೆ ದೊಡ್ಡ ಹೋಟೆಲನ್ನು ಹುಡುಕುವುದಕ್ಕಿಂತ ವಸಾಯಿ ಗಾಂವಿನ ಸಣ್ಣ ಖಾನಾವಳಿಯಲ್ಲಿ ತಾಜಾ ಬೊಂಬಿಲ್ ಹುರಿದದ್ದು ಕೇಳಬೇಕು. ನಮ್ಮ ರವೆ ಹಚ್ಚಿದ ಬಾಂಗಡೆಯ ಗಟ್ಟಿತನ ಅದರಲ್ಲಿಲ್ಲ, ಹೊರಗೆ ಗರಿ, ಒಳಗೆ ಬೆಣ್ಣೆ. ಕ್ರಿಸ್‌ಮಸ್ ಹೊತ್ತಿಗೆ ಹೋದವರು ಈಸ್ಟ್ ಇಂಡಿಯನ್ ಎಂದು ಕರೆಸಿಕೊಳ್ಳುವ ಈ ಸೀಮೆಯ ಕ್ರೈಸ್ತರ ಫುಗಿಯಾಸ್ ಎಂಬ ಉಬ್ಬಿದ ಕರಿದ ತಿಂಡಿ ಸಿಕ್ಕರೆ ಬಿಡಬಾರದು. ಸಸ್ಯಾಹಾರಿಗಳಿಗೆ ಉಡುಪಿ ಹೋಟೆಲುಗಳೂ ಗುಜರಾತಿ ತಿಂಡಿಯಂಗಡಿಗಳೂ ನಿಲ್ದಾಣದ ಬಳಿ ಬೇಕಷ್ಟಿವೆ.

ಬಿಡಬೇಕಾದದ್ದು, ಸಮಯವಿದ್ದರೆ ಸೇರಿಸಿಕೊಳ್ಳಬೇಕಾದದ್ದು

ಸುರುಚಿ, ರಾಜೋಡಿ, ಕಳಂಬ್ ದಂಡೆಗಳನ್ನು ಎಲ್ಲ ಪಟ್ಟಿಗಳಲ್ಲಿಯೂ ಹಾಕಿರುತ್ತಾರೆ. ಮುಂಬೈಯವರಿಗೆ ಅವು ದೊಡ್ಡದು. ಟ್ಯಾಗೋರ್ ಕಡಲತೀರದಲ್ಲಿ ಸಂಜೆ ಕಳೆದು ಬೆಳೆದವರು ಆ ಹೊತ್ತನ್ನು ಓಣಿಗಳಲ್ಲಿ ಕಳೆಯುವುದೇ ಲಾಭ. ವಿರಾರಿನ ಜೀವದಾನಿ ದೇವಿಯ ಗುಡ್ಡಕ್ಕೆ ಸುಮಾರು 1300 ಮೆಟ್ಟಿಲುಗಳಿದ್ದು, ಅದಕ್ಕೆ ಬೇರೆಯೇ ದಿನ ಬೇಕು. ಮಳೆಗಾಲದಲ್ಲಿ ಪೂರ್ವದ ಚಿಂಚೋಟಿ ಜಲಪಾತಕ್ಕೆ ಹುಡುಗರು ಕರೆದರೆ ಹೋಗಬೇಡಿ, ಅಲ್ಲಿ ಮುಳುಗಿ ಸತ್ತವರು ಹಲವರು.

ಅರ್ಧ ದಿನ ಹೆಚ್ಚಿದ್ದರೆ ಸೇರಿಸಿಕೊಳ್ಳಬೇಕಾದದ್ದು ಸೋಪಾರ. ನಾಲಾಸೋಪಾರ ನಿಲ್ದಾಣದಲ್ಲಿ ಇಳಿದು ಪಶ್ಚಿಮಕ್ಕೆ ರಿಕ್ಷಾ ಹಿಡಿದರೆ ಒಂದು ಬೌದ್ಧ ಸ್ತೂಪದ ದಿಬ್ಬ ಸಿಗುತ್ತದೆ. ಊರವರು ಅದನ್ನು ಬುರುಡ ರಾಜಾಚಾ ಕೋಟ್, ಅಂದರೆ ಬುಟ್ಟಿ ಹೆಣೆಯುವ ಮೇದರ ರಾಜನ ಕೋಟೆ ಎಂದು ಕರೆಯುತ್ತ ಬಂದಿದ್ದರು. 1882ರಲ್ಲಿ ಪಂಡಿತ ಭಗವಾನಲಾಲ್ ಇಂದ್ರಜಿ ಅಗೆದಾಗ ಒಳಗೆ ಕಲ್ಲಿನ ಪೆಟ್ಟಿಗೆ, ಅದರೊಳಗೆ ಕರಂಡಕಗಳು (ಸಣ್ಣ ಭರಣಿಗಳು), ಸುತ್ತ ಎಂಟು ಕಂಚಿನ ಬುದ್ಧಮೂರ್ತಿಗಳು ಸಿಕ್ಕವು. ಅಶೋಕನ ಎಂಟನೆಯ ಶಿಲಾಶಾಸನದ ತುಣುಕು ಸಿಕ್ಕಿದ್ದೂ ಅದೇ ವರ್ಷ, ಒಂಬತ್ತನೆಯದರ ತುಣುಕು 1956ರಲ್ಲಿ. ಪ್ರಾಚೀನರ ಶೂರ್ಪಾರಕ ಬಂದರ ಇದೇ, ಪರಶುರಾಮನಿಗಾಗಿ ಸಮುದ್ರ ಬಿಟ್ಟುಕೊಟ್ಟ ನೆಲವೆಂದು ಕಥೆಯಿದೆ. ಗೋಕರ್ಣದಲ್ಲಿ ಪರಶುರಾಮನ ಕಥೆ ಕೇಳಿ ಬೆಳೆದವರು ಅದೇ ಕಥೆಯ ಉತ್ತರದ ತುದಿಯಲ್ಲಿ ನಿಂತಂತಾಗುತ್ತದೆ. ಕಣ್ಣಿಗೆ ಕಾಣುವುದು ಇಟ್ಟಿಗೆಯ ದಿಬ್ಬವಷ್ಟೇ, ಸ್ತೂಪದೊಳಗೆ ಸಿಕ್ಕ ವಸ್ತುಗಳು ಮುಂಬೈಯ ಏಷಿಯಾಟಿಕ್ ಸೊಸೈಟಿಯಲ್ಲಿವೆ. ಮಕ್ಕಳನ್ನು ಕರೆದುಕೊಂಡು ಹೋದರೆ ಮೊದಲೇ ಕಥೆ ಹೇಳಿಟ್ಟಿರಬೇಕು.

ಮರಳುವಾಗ

ಬೋರಿವಲಿ, ಮೀರಾ ರೋಡ್ ಕಡೆ ಉಳಿದುಕೊಂಡವರು ಕೋಟೆಯ ಬಳಿಯ ಜೆಟ್ಟಿಯಿಂದ ಭಾಯಂದರಿಗೆ ಹೋಗುವ, ವಾಹನಗಳನ್ನೂ ಒಯ್ಯುವ ರೋ-ರೋ ದೋಣಿಯನ್ನು ಹಿಡಿಯಬಹುದು. ಹಾಗೆ ಮಾಡುವುದಾದರೆ ನಡಿಗೆಯ ಕ್ರಮವನ್ನು ತಿರುಗಿಸಿ ಊರನ್ನು ಬೆಳಿಗ್ಗೆ, ಕೋಟೆಯನ್ನು ಸಂಜೆ ನೋಡಬೇಕು, ಮತ್ತು ಕೊನೆಯ ದೋಣಿಯ ಹೊತ್ತನ್ನು ಬೆಳಿಗ್ಗೆಯೇ ಜೆಟ್ಟಿಯಲ್ಲಿ ಕೇಳಿಕೊಂಡಿರಬೇಕು.

ಅದೇ ರಾತ್ರಿ ಕಾರವಾರಕ್ಕೆ ಹೊರಡುವವರಿಗೆ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಅಂದರೆ ಸಿ.ಎಸ್.ಎಂ.ಟಿ.ಯಿಂದ ಮಂಗಳೂರಿಗೆ ಹೋಗುವ ಸೂಪರ್‌ಫಾಸ್ಟ್ ಅನುಕೂಲ. ಅದನ್ನು ಠಾಣೆಯಲ್ಲಿ ಹತ್ತುವುದಾದರೆ ವಸಾಯಿಯನ್ನು ಸಂಜೆ 5 ಗಂಟೆಗೆ ಬಿಟ್ಟು, ದಾದರಿನಲ್ಲಿ ಇಳಿದು, ಸೇತುವೆ ದಾಟಿ ಮಧ್ಯ ರೈಲ್ವೆಯ ಗಾಡಿ ಹಿಡಿಯಬೇಕು. ದಾದರಿನಿಂದ ಠಾಣೆಯ ಕಡೆಗೆ ಆ ಹೊತ್ತಿನಲ್ಲಿ ನಿಜವಾದ ನೂಕುನುಗ್ಗಲು ಇರುವುದರಿಂದ, ಸಾಮಾನು ಹೆಚ್ಚಿದ್ದವರು ದಾದರಿನಿಂದ ಹಿಮ್ಮುಖವಾಗಿ ಸಿ.ಎಸ್.ಎಂ.ಟಿ.ಗೇ ಹೋಗಿ ಗಾಡಿ ಹೊರಡುವಲ್ಲಿಯೇ ಹತ್ತುವುದು ಲೇಸು. ಟಿಕೆಟ್ ಮಾಡಿಸುವಾಗಲೇ ಹತ್ತುವ ನಿಲ್ದಾಣವನ್ನು ಇದಕ್ಕೆ ತಕ್ಕಂತೆ ಆರಿಸಿರಬೇಕು. ಹೊರಡುವ ಮೊದಲು ಪೇಟೆಯಲ್ಲಿ ಸುಕೇಳಿ ಸಿಗುತ್ತದೆಯೇ ಎಂದು ವಿಚಾರಿಸಿ. ರಾಜೇಳಿ ಬಾಳೆಹಣ್ಣನ್ನು ಬಿಸಿಲಿಗೆ ಒಣಗಿಸಿ ಮಾಡುವ ಇದಕ್ಕೆ ಆಗಾಶಿ ಎಂಬ ಹಳ್ಳಿ ಹೆಸರಾದದ್ದು, ಈಗ ಮಾಡುವ ಮನೆಗಳು ಕಡಿಮೆಯಾಗಿವೆ. ಶಿರಸಿಯ ಅಂಗಡಿಗಳಲ್ಲಿಯೂ ಅದೇ ಹೆಸರಿನ ಬಾಳೆಹಣ್ಣಿನ ಸುಕೇಳಿ ಸಿಗುವುದರಿಂದ ಒಂದೊಂದು ತುಂಡನ್ನು ಜೊತೆಗಿಟ್ಟು ತಿಂದು ನೋಡಬಹುದು. ವಸಾಯಿಯದು ದಪ್ಪ, ಬಣ್ಣದಲ್ಲಿ ಜೇನಿನಂತೆ, ಮತ್ತು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಕಾರವಾರ ತಲುಪಿದ ಮೇಲೂ ಬಹಳ ದಿನ ಕೆಡದೆ ಇರುತ್ತದೆ.